ಚಿಲುಮೆಗೆ ಬಿದ್ದ ಬಿಲ್ಲೆ

ದೇಸಾಯರ ವಾಡೆಯಲ್ಲಿ ಗುಡಗುಡಿಯ ಚಿಲುಮೆಗೆ ತಂಬಾಕು ತುಂಬಿ, ಮೇಲೆ ಕೆಂಡ ಇಟ್ಟು ಹೊತ್ತಿಸುವ ಕೆಲಸ ದ್ಯಾಮಣ್ಣನದು. ಅವನ ಎದೆಯ ಮೇಲೆ ಸದಾ ಒಂದು ದುಂಡನೆಯ ಹಿತ್ತಾಳೆ ಬಿಲ್ಲೆ, ಬಿಲ್ಲೆಯ ತುಂಬ ದೇಸಾಯರ ಹೆಸರು.

"ನನ್ನ ಹೆಸರು ಕೇಳಿದ್ರ ಹತ್ತೂರಿಗೆ ಬಿಸಿ ಮುಟ್ಟತೈತಿ" ಅನ್ನುವುದು ದೇಸಾಯರ ದಿನನಿತ್ಯದ ಮಾತು.

ಅವತ್ತು ಬೀಗರು ಬರುವವರಿದ್ದರು. ದೇಸಾಯರು ದ್ಯಾಮಣ್ಣನನ್ನು ಕರೆದು ಗದರಿದರು.

"ನಿನ್ನ ಚಿಲುಮಿ ಒಂದ್ ಕಡೆ ಕರಕಲು, ಇನ್ನೊಂದ್ ಕಡೆ ಹಸಿ. ಇವತ್ತು ತಂಬಾಕು ಎಲ್ಲಾ ಕಡೆ ಒಂದೇ ಸಮ ಕಾಯಬೇಕು. ಇಲ್ಲಾಂದ್ರ ಬಿಲ್ಲೆ ಬಿಚ್ಚಿಟ್ಟು ಹೊರಗ ನಡಿ."

ದ್ಯಾಮಣ್ಣ ಕೆಂಡ ತರಲು ಅಡುಗೆಮನೆಗೆ ಹೋದ. ಒಲೆಯ ಉರಿ ಅತ್ತಿತ್ತ ಹೊಯ್ದಾಡುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಮಾತ್ರ ಎಲ್ಲ ಕಡೆ ಒಂದೇ ಹದದಲ್ಲಿ ಬೇಯುತ್ತಿತ್ತು. ಅವನು ರೊಟ್ಟಿ ನೋಡಿದ, ಆಮೇಲೆ ತನ್ನ ಎದೆ ನೋಡಿಕೊಂಡ.

ಬೀಗರು ಬಂದರು, ಗುಡಗುಡಿಯೂ ಬಂತು. ಬೀಗರು ಒಂದು ದಮ್ಮು ಎಳೆದು ಕಣ್ಣು ಮುಚ್ಚಿದರು.

"ದೇಸಾಯರ, ಇಂಥಾ ಹದಾ ನಾ ಎಲ್ಲೂ ಕಂಡಿಲ್ಲ."

ದೇಸಾಯರು ಮೀಸೆ ತಿರುವಿದರು. ಆಗಲೇ ದ್ಯಾಮಣ್ಣನ ಎದೆಯ ಮೇಲೆ ಬಿಲ್ಲೆ ಇಲ್ಲದ್ದು ಕಣ್ಣಿಗೆ ಬಿತ್ತು.

"ಲೇ, ನನ್ನ ಹೆಸರು ಎಲ್ಲಿ ಕಳದಿ?"

ದ್ಯಾಮಣ್ಣ ಇಕ್ಕಳದಿಂದ ಚಿಲುಮೆಯ ಕೆಂಡ ಸರಿಸಿದ. ತಂಬಾಕಿನ ಮೇಲೆ ಬಿಲ್ಲೆ ಹಂಚಿನ ಹಾಗೆ ಕೂತಿತ್ತು.

"ಕಳದಿಲ್ಲ ಧಣ್ಯಾರ, ಕೆಲಸಕ್ಕ ಹಚ್ಚೀನಿ. ಹತ್ತೂರಿಗೆ ಬಿಸಿ ಮುಟ್ಟಿಸೋ ಹೆಸರು ಒಂದ್ ಚಿಲುಮಿಗೆ ಮುಟ್ಟಸಂಗಿಲ್ಲೇನು ಅಂದ್ಕೊಂಡೆ" ಎಂದು ಕೆಂಡವನ್ನು ಮತ್ತೆ ಬಿಲ್ಲೆಯ ಮೇಲೆ ಜೋಡಿಸಿದ.

ಬೀಗರು ಹೊಟ್ಟೆ ಹಿಡಿದುಕೊಂಡು ನಗುತ್ತ ಕೊಳವೆಯನ್ನು ದೇಸಾಯರ ಕೈಗೆ ಕೊಟ್ಟರು. ದೇಸಾಯರು ಸಿಟ್ಟಿನಲ್ಲೇ ಉದ್ದಕ್ಕೆ ಒಂದು ದಮ್ಮು ಎಳೆದು, ಬೈಯಲೆಂದು ಬಾಯಿ ತೆರೆದರು.

ಬಂದದ್ದು ಹೊಗೆ ಮಾತ್ರ. ಅದೂ ಒಳ್ಳೇ ಹದವಾದ ಹೊಗೆ.