ಕಪಾಟಿನಲ್ಲೇ ಕಳೆದುಹೋದ ಸಂಪುಟ

"ಕೇಳ್ರಪ್ಪೋ ಕೇಳಿ! ರಾಣಿ ಮದನಾವತಿಯವರ ಮೂರು ಒಗಟು ಬಿಡಿಸಿದವರಿಗೆ ವಿದ್ಯಾಪೀಠದ ಗ್ರಂಥಾಲಯದ ಒಡೆತನ, ಜೊತೆಗೆ ಕೇಳಿದ್ದೊಂದು ವರ. ತಪ್ಪಿದವರಿಗೆ ಅಮಾವಾಸ್ಯೆಗೆ ತಲೆದಂಡ!"

ಹೀಗೆಂದು ಡಂಗುರ ಸಾರಿದ ಆ ರಾಜ್ಯದಲ್ಲಿ ಸಿಂಹಾಸನವೂ ಇತ್ತು, ಕಂಪ್ಯೂಟರೂ ಇತ್ತು. ಕತೆ ಅಂದಮೇಲೆ ಅದಕ್ಕೆಲ್ಲ ತಕರಾರು ತೆಗೆಯಬಾರದು.

ರಾಣಿಗೆ ಒಬ್ಬಳೇ ತಂಗಿ, ಇಂದುಮುಖಿ. ಹಿಂದಿನ ಚಳಿಗಾಲದಲ್ಲಿ ಅವಳಿಗೆ ಕಣ್ಣುಬೇನೆ ಬಂದಾಗ, ಹಳೆಯ ವೈದ್ಯಪತ್ರಿಕೆಯೊಂದರಲ್ಲಿ ಮದ್ದಿದೆ ಎಂದು ವೈದ್ಯರು ಗ್ರಂಥಾಲಯಕ್ಕೆ ಓಡಿದ್ದರು. ಅಷ್ಟು ಹಳೆಯದು ಕಂಪ್ಯೂಟರಿನಲ್ಲಿ ಇರಲಿಲ್ಲ. ಅಚ್ಚಿನ ಸಂಪುಟ ಇದೆಯೆಂದು ಸೂಚಿ ಹೇಳಿತು, ಕಪಾಟಿನಲ್ಲಿ ನೋಡಿದರೆ ಇಲ್ಲ. ಹುಡುಕಿ ಸೋಲುವಷ್ಟರಲ್ಲಿ ಇಂದುಮುಖಿಯ ಕಣ್ಣು ಹೋಯಿತು. ರಾಣಿಗೆ ಅಂದಿನಿಂದ ಅದೇ ಹಟ, ಅದೇ ಉರಿ.

ಮೊದಲು ನೆರೆರಾಜ್ಯದ ರಾಜಕುಮಾರ ಬಂದ. ರಾಣಿ ಕೇಳಿದಳು: "ತಿಂಗಳಿಗೊಂದು ಹುಟ್ಟುತ್ತೆ, ವರ್ಷ ತುಂಬಿದ ಮೇಲೆ ಎಲ್ಲಾ ಒಂದೇ ಅಂಗಿ ತೊಡುತ್ತೆ. ಯಾವುದು?"

"ಹುಣ್ಣಿಮೆ ಚಂದ್ರ!" ಎಂದು ಮೀಸೆ ತಿರುವಿದ. ಮೀಸೆಯ ಸಮೇತ ಸೆರೆಗೆ ಹೋದ.

ಮಂತ್ರಿಯ ಮಗ ಅದನ್ನು ಬಿಡಿಸಿದ. ಎರಡನೆಯದು: "ಒಂದೇ ಹೊತ್ತಿಗೆ ನೂರು ಜನ ಓದಿದ್ರೂ ಯಾರ ಕೈಗೂ ತಾಕಲ್ಲ. ನಮ್ಮ ಮನೆ ಬಾಗಿಲಿಂದ ಬಂದೋರಿಗೆ ತೆರೆಯುತ್ತೆ, ಬೀದೀಲಿ ನಿಂತೋರಿಗೆ ಮುಚ್ಚಿಕೊಳ್ಳುತ್ತೆ." ಅದನ್ನೂ ಬಿಡಿಸಿದ. ಮೂರನೆಯದಕ್ಕೆ ರಾಣಿ ಸಿಂಹಾಸನದಿಂದ ಎದ್ದು ನಿಂತಳು: "ವೈದ್ಯಪತ್ರಿಕೆಯ ಆ ಸಂಪುಟವನ್ನ ಯಾರೂ ಹೊರಗೆ ಒಯ್ದಿಲ್ಲ, ಹುಳ ತಿಂದಿಲ್ಲ, ಬೆಂಕಿ ಮುಟ್ಟಿಲ್ಲ. ಆದ್ರೂ ಇಲ್ಲ. ಎಲ್ಲಿ ಹೋಯ್ತು?"

"ಕಳ್ಳನ ಮನೆಗೆ" ಎಂದ ಅವನೂ ಸೆರೆ ಸೇರಿದ.

ಜನರ ಗುಂಪಿನಲ್ಲಿ ಕುಂಬಾರರ ಚೆಲುವಯ್ಯ ನಿಂತಿದ್ದ. ವಿದ್ಯಾಪೀಠದ ಬಡ ವಿದ್ಯಾರ್ಥಿ ಅವನು. ಆ ಸಂಪುಟವನ್ನು ಕೊನೆಗೆ ಓದಿದವನು ಅವನೇ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಒಂದು ಜೋಡಿ ಕಣ್ಣು ಆಗಲೇ ಹೋಗಿತ್ತು, ಇನ್ನು ಎರಡು ತಲೆ ಹೋಗಲಿದ್ದವು. ಅವನಿಗೆ ಅನ್ನ ಸೇರಲಿಲ್ಲ. ಮರುದಿನ ಆಸ್ಥಾನಕ್ಕೆ ಹೋಗಿ ಕೈಮುಗಿದು ನಿಂತ.

"ಮೊದಲ್ನೇದು ಅಚ್ಚಿನ ಪತ್ರಿಕೆ, ತಾಯಿ. ತಿಂಗಳ ಸಂಚಿಕೆಗಳನ್ನ ವರ್ಷದ ಕೊನೇಲಿ ಒಂದೇ ರಟ್ಟಿನೊಳಗೆ ಕಟ್ಟಿ ಸಂಪುಟ ಮಾಡ್ತಾರೆ. ಎರಡ್ನೇದು ಕಂಪ್ಯೂಟರಿನ ಪತ್ರಿಕೆ. ಗ್ರಂಥಾಲಯದ ಮೂಲಕ ಹೋದ್ರೆ ಮಾತ್ರ ತೆರೆಯುತ್ತೆ."

"ಮೂರನೇದು?"

"ಸಂಪುಟ ಗ್ರಂಥಾಲಯದಲ್ಲೇ ಇದೆ. ಓದಿ ಮೇಜಿನ ಮೇಲೆ ಬಿಡ್ಬೇಕು, ಸಿಬ್ಬಂದಿ ಮಾತ್ರ ಕಪಾಟಿಗೆ ಇಡ್ಬೇಕು ಅಂತ ಅಲ್ಲಿನ ಪದ್ಧತಿ. ಆಗ ನಾನು ಹೊಸಬ, ಒಳ್ಳೇದು ಮಾಡ್ತೀನಿ ಅಂತ ನಾನೇ ಇಟ್ಟೆ. ನಮ್ಮ ಮನೇಲಿ ಮಡಕೆ ಜೋಡಿಸೋದು ಎತ್ತರ ನೋಡಿ. ಹಾಗೇ ಎತ್ತರ ನೋಡಿ ಸಂಗೀತದ ಪತ್ರಿಕೆಗಳ ಸಾಲಲ್ಲಿ ಇಟ್ಟುಬಿಟ್ಟೆ. ತಪ್ಪು ನಂದು."

ಆಳುಗಳು ಓಡಿದರು. ಸಂಪುಟ ಅಲ್ಲೇ ಇತ್ತು. ಧೂಳು ಹಿಡಿದಿತ್ತು ಅಷ್ಟೆ.

ರಾಣಿಯ ಕೈ ಕತ್ತಿಯ ಹಿಡಿಗೆ ಹೋಯಿತು. "ವರ ಕೇಳು, ಬೇಗ."

"ಸೆರೇಲಿರೋ ಇಬ್ಬರನ್ನೂ ಬಿಟ್ಟುಬಿಡಿ. ನನ್ನನ್ನ ಏನು ಬೇಕಾದ್ರೂ ಮಾಡಿ."

ಆಗ ಇಂದುಮುಖಿ ಗೋಡೆ ಹಿಡಿದು ಮುಂದೆ ಬಂದಳು. "ಅಕ್ಕಾ, ಇವನ ತಲೆ ತೆಗೆದ್ರೆ ನನಗೆ ಓದಿ ಹೇಳೋರು ಯಾರು?"

ರಾಣಿ ಕತ್ತಿ ಬಿಟ್ಟು ಅತ್ತಳು. ಸೆರೆಯ ಬಾಗಿಲು ತೆರೆಯಿತು. ಸಾರಿದ ಮಾತಿನಂತೆ ಚೆಲುವಯ್ಯ ಗ್ರಂಥಾಲಯದ ಒಡೆಯನಾದ. ದಿನವೂ ಇಂದುಮುಖಿಗೆ ಪತ್ರಿಕೆ ಓದಿ ಹೇಳುವ ಕೆಲಸವೂ ಅವನ ಪಾಲಿಗೆ ಬಂತು.

ಮೊದಲ ದಿನ ಅವನು ಕೇಳಿದ, "ಯಾವುದು ಓದಲಿ, ತಾಯಿ?"

"ಆ ಲೇಖನ."

ಚೆಲುವಯ್ಯ ಓದತೊಡಗಿದ. ಮದ್ದು ಅರಮನೆಯ ಅಂಗಳದಲ್ಲೇ ಬೆಳೆಯುವ ಸೊಪ್ಪಿನದು. ಅದರ ಹೆಸರು ಬಂದಾಗ ಅವನು ಓದುವುದನ್ನು ನಿಲ್ಲಿಸಿ ಕಿಟಕಿಯಾಚೆ ಅಂಗಳದತ್ತ ನೋಡಿದ.

ಇಂದುಮುಖಿ ಅವನ ದನಿ ಬರುತ್ತಿದ್ದತ್ತ ಮುಖ ತಿರುಗಿಸಿದಳು. ಆಮೇಲೆ, "ಮುಂದೆ?" ಎಂದಳು.