ನವಿಲಿನ ನೆಗಡಿ

ನವಿಲಿಗೆ ನೆಗಡಿಯಾಯಿತು. ಬಾಲದ ಗರಿಗಳನ್ನೆಲ್ಲ ಕಿತ್ತರೆ ವಾಸಿಯಾಗುತ್ತದೆಂದು ಕಾಗೆ ಹೇಳಿತು. ನವಿಲು ಅಳುಕುತ್ತ ಕಾಗೆಯನ್ನೂ ಕರೆದುಕೊಂಡು ವೈದ್ಯ ಮರಕುಟಿಗನ ಬಳಿ ಬಂತು.

“ಹೀಗೆ ಗರಿ ಕಿತ್ತು ಯಾರಿಗೆ ವಾಸಿಯಾಗಿದೆ?” ಎಂದು ಮರಕುಟಿಗ ಕೇಳಿತು.

“ಹುಂಜ, ಪಾರಿವಾಳ, ಬಾತುಕೋಳಿ. ಮೂವರೂ ವಾರದೊಳಗೆ ಎದ್ದು ಓಡಾಡಿದರು,” ಎಂದಿತು ಕಾಗೆ.

“ಒಳ್ಳೆಯದು. ನೆಗಡಿಯಾದರೂ ಗರಿ ಕೀಳದೆ ಉಳಿದವರು?”

ಕಾಗೆ ತುಸು ಯೋಚಿಸಿತು. “ಅವರೂ ವಾರದೊಳಗೇ ಎದ್ದರು. ಆದರೆ ಅವರು ನನ್ನನ್ನು ಕೇಳಲೇ ಇಲ್ಲವಲ್ಲ.”

ಮರಕುಟಿಗ ನವಿಲಿನತ್ತ ತಿರುಗಿತು. “ನವಿಲಣ್ಣ, ಗರಿ ಕಿತ್ತರೆ ನೋವಂತೂ ಖಂಡಿತ, ಗುಣ ಮಾತ್ರ ನನಗೆ ಕಾಣುತ್ತಿಲ್ಲ. ಬಿಸಿಲಿಗೆ ಮೈ ಕಾಯಿಸಿಕೋ, ಚೆನ್ನಾಗಿ ನಿದ್ದೆ ಮಾಡು.”

ವಾರ ಕಳೆಯುವಷ್ಟರಲ್ಲಿ ಮೋಡ ಕವಿಯಿತು. ನವಿಲು ಗರಿಯೆಲ್ಲ ಬಿಚ್ಚಿ ಖುಷಿಯಿಂದ ಕುಣಿಯಿತು. ಕುಣಿತ ನೋಡಲು ಬಂದವರಿಗೆಲ್ಲ ಕಾಗೆ ಹೇಳಿತು, “ನನ್ನ ಮದ್ದಿನ ಹೆಸರು ಕೇಳಿದ್ದಕ್ಕೇ ನೆಗಡಿ ಓಡಿಹೋಯಿತು, ನೋಡಿ.”