ಕಟ್ಟದ ಕೋಟೆ

ಬಯಲುಸೀಮೆಯ ಹೆದ್ದಾರಿಯಿಂದ ಎಡಕ್ಕೆ ಹೊರಳಿದರೆ ‘ಕಟ್ಟದ ಕೋಟೆ’ ಎಂಬ ಫಲಕ ಸಿಗುತ್ತದೆ. ಹೆಸರು ನಂಬಿ ಬಂದವರು ಬುರುಜನ್ನೋ ಬಾಗಿಲನ್ನೋ, ಕಡೆಗೆ ಬಿದ್ದ ಗೋಡೆಯನ್ನಾದರೂ ಹುಡುಕುತ್ತಾರೆ. ಇರುವುದು ದಿಬ್ಬದ ಮೇಲಿನ ಊರನ್ನು ಬಳಸಿ ನಿಂತ ಹಾಲಿವಾಣದ ಮರಗಳ ಸಾಲು. ಮಾಘ ಕಳೆಯುತ್ತಲೇ ಅವು ಎಲೆ ಉದುರಿಸಿ ಮೈತುಂಬ ಕೆಂಪು ಹೂ ಹೊತ್ತುಕೊಳ್ಳುತ್ತವೆ. ಕೋಟೆ ಎಲ್ಲಿ ಎಂದರೆ ಊರವರು ಆ ಸಾಲಿನ ಕಡೆಗೇ ಕೈ ತೋರಿಸುತ್ತಾರೆ. ತಮಾಷೆ ಮಾಡುತ್ತಿದ್ದಾರೆಂದು ಬೇಸರಪಟ್ಟು ಹಿಂದಿರುಗಿದವರೂ ಉಂಟು.

ಹಿಂದೆ ಒಮ್ಮೆ ಈ ಸೀಮೆಯನ್ನು ಸಿಂಗಪ್ಪ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಹೇಳಿಕೊಳ್ಳುವಂಥ ಶತ್ರುಗಳು ಅವನಿಗಿರಲಿಲ್ಲ. ಆದರೆ ನೆರೆಯ ನಾಯಕರಿಗೆಲ್ಲ ಕೋಟೆಗಳಿದ್ದವು. ಈ ದಿಬ್ಬ ಅವನ ಕಣ್ಣಿಗೆ ಬಿತ್ತು. ಮಳೆ ಬಿದ್ದು ನೆಲ ಮೆತ್ತಗಾದೊಡನೆ ಪಾಯ ತೋಡುವುದು, ಅಷ್ಟರೊಳಗೆ ಜನ ಊರು ಬಿಟ್ಟು ಕೆಳಗಿನ ಕಲ್ಲುಬಯಲಿಗೆ ಹೋಗುವುದು, ಹೋಗುವ ಮೊದಲು ಗೋಡೆ ಏಳುವ ಗೆರೆಯ ಗುಂಟ ಮನೆಮನೆಯವರೂ ಗೂಟ ಹೊಡೆದುಕೊಡುವುದು ಎಂದು ಅಪ್ಪಣೆಯಾಯಿತು. ತಮ್ಮನ್ನು ಎಬ್ಬಿಸುವ ಗೆರೆಗೆ ತಾವೇ ಗೂಟ ಒದಗಿಸುವ ಗೌರವ ಪ್ರಜೆಗಳ ಪಾಲಿಗೆ ಬಂತು.

ಆ ಗೆರೆ ಸಣ್ಣೀರವ್ವನೆಂಬ ಒಕ್ಕಲಗಿತ್ತಿಯ ಹಿತ್ತಿಲ ಮೇಲೇ ಹಾಯ್ದಿತ್ತು. ಗೂಟಕ್ಕೆ ಒಣ ಜಾಲಿಯೇ ಆಗಬೇಕಿತ್ತು. ಜಾಲಿ ಅವಳ ಒಲೆಯ ಸೌದೆ. ಮನೆಯನ್ನೂ ಕೊಟ್ಟು ಸೌದೆಯನ್ನೂ ಕೊಡಲು ಅವಳ ಮನಸ್ಸು ಒಪ್ಪಲಿಲ್ಲ. ಬೇಲಿಯ ಹಾಲಿವಾಣದಿಂದ ತೋಳುಗಾತ್ರದ ಹಸಿಕೊಂಬೆಗಳನ್ನು ಕಡಿದು, ಬೇಲಿ ನೆಡುವ ರೂಢಿಯಂತೆ ತುದಿಗೆ ಸಗಣಿ ಮೆತ್ತಿ ಊರಿದಳು. ಅದನ್ನು ಕಂಡು ಉಳಿದವರೂ ತಂತಮ್ಮ ಸೌದೆ ಉಳಿಸಿಕೊಂಡರು. ಇದರ ಹಿಂದೆ ದೊಡ್ಡ ಹಂಚಿಕೆಯಿತ್ತೆಂದು ಈಗ ಹೇಳುವವರಿದ್ದಾರೆ. ಇದ್ದದ್ದು ಜಿಪುಣತನ.

ಆರಿದ್ರ ಮಳೆ ಹಿಡಿಯಿತು. ಪಾತ್ರೆಪಡಗ ಗಂಟು ಕಟ್ಟುತ್ತಿದ್ದ ಸಣ್ಣೀರವ್ವ ಹಿತ್ತಿಲಿಗೆ ಬಂದಾಗ ಗೂಟಗಳು ಕಣ್ಣೊಡೆದಿದ್ದವು. ಬಹಳ ಹೊತ್ತು ನೋಡುತ್ತ ನಿಂತಳು. ಈ ಸೀಮೆಯಲ್ಲಿ ಮದುವೆಯ ಚಪ್ಪರಕ್ಕೆ ಮೊದಲು ಅರಿಶಿನ ಹಚ್ಚಿ ಊರುವುದು ಹಾಲಿವಾಣದ ಹಸಿಕೊಂಬೆ, ಅದೇ ಹಂದರಗಂಬ. ಅದು ಚಿಗುರಿದರೆ ಮದುಮಕ್ಕಳ ಬಾಳು ಚಿಗುರಿತೆಂದೂ, ಚಿಗುರಿದ್ದನ್ನು ಕಿತ್ತವರ ಮನೆಯ ಹೆಣ್ಣುಮಕ್ಕಳು ಬಾಡುತ್ತಾರೆಂದೂ ನಂಬಿಕೆ. ಸಣ್ಣೀರವ್ವ ಒಳಗೆ ಹೋಗಿ ಗಂಟು ಬಿಚ್ಚಿದಳು, ಅರಿಶಿನದ ಕರಡಿಗೆ ತಂದು ಒಂದೊಂದು ಗೂಟಕ್ಕೂ ಹಚ್ಚುತ್ತ ಊರು ಸುತ್ತಿದಳು.

ನಾಯಕ ಪಾಯ ತೋಡಿಸಲು ಬಂದಾಗ ಗೂಟ ಕೀಳಲು ಆಳುಗಳು ಮುಂದಾಗಲಿಲ್ಲ. ಅವರೆಲ್ಲರ ಅಂಗಳದಲ್ಲೂ ಒಂದೊಂದು ಹಂದರಗಂಬವಿತ್ತು. ಇದು ಗೂಟವೇ ಹೊರತು ಹಂದರಗಂಬವಲ್ಲ ಎಂದು ನಾಯಕ ಗದರಿದ.

“ನೆಟ್ಟಾಗ ಗೂಟವೇ ಬುದ್ಧೀ,” ಎಂದಳು ಸಣ್ಣೀರವ್ವ. “ಚಿಗುರಿದ ಮೇಲೆ ಯಾರ ಮದುವೇದು ಅಂತ ಅದನ್ನ ಕೇಳೋಕಾಗುತ್ತಾ? ಕೀಳಬೇಕು ಅಂದ್ರೆ ಮೊದಲು ತಮ್ಮ ಕೈಯೇ ಅದರ ಮೇಲೆ ಬೀಳಲಿ.”

ನಾಯಕ ಕುದುರೆಯಿಂದಿಳಿದು ಒಂದು ಗೂಟಕ್ಕೆ ಕೈ ಹಾಕಿದ. ಅವನ ಒಬ್ಬಳೇ ಮಗಳು ಆ ಬೇಸಿಗೆಯಲ್ಲಷ್ಟೇ ಗಂಡನ ಮನೆಗೆ ಹೋಗಿದ್ದಳು. ಅರಮನೆಯ ಹಂದರಗಂಬ ಇನ್ನೂ ಚಿಗುರಿರಲಿಲ್ಲ. ಅವನ ಹೆಂಡತಿ ಬೆಳಗಾದರೆ ಅದರ ಮುಂದೆ ನಿಲ್ಲುತ್ತಿದ್ದಳು. ನಾಯಕ ಕೈ ತೆಗೆದ.

“ಒಂದು ಕೊಂಬೆ ಕಡಿದು ಕೊಡವ್ವ,” ಎಂದ. “ನಮ್ಮಂಗಳದ್ದು ಯಾಕೋ ಏಳಲಿಲ್ಲ.”

ಬೇಲಿಯ ಮರದಿಂದ ಅವಳು ಕಡಿದುಕೊಟ್ಟ ಕೊಂಬೆ ಅರಮನೆಯಲ್ಲಿ ಚಿಗುರಿತು ಎನ್ನುತ್ತಾರೆ. ಗೂಟಗಳು ಹೂ ಬಿಟ್ಟು ಮುಗಿಯಲಿ, ಆಮೇಲೆ ಕಟ್ಟಿಸೋಣ ಎಂದು ನಾಯಕ ತನ್ನ ಮರ್ಯಾದೆ ಉಳಿಸಿಕೊಂಡನಂತೆ. ಹೂ ವರ್ಷವರ್ಷವೂ ಬಂತು. ಜನ ಕಲ್ಲುಬಯಲಿಗೆ ಹೋಗಲಿಲ್ಲ.

ಹಾಲಿವಾಣ ಶತಮಾನಗಟ್ಟಲೆ ಬಾಳುವ ಮರವಲ್ಲ. ಗಾಳಿಗೆ ಮುರಿಯುತ್ತದೆ, ಹುಳ ಹಿಡಿಯುತ್ತದೆ. ಒಂದು ಬಿದ್ದರೆ ಹತ್ತಿರದ ಮನೆಯವರು ಪಕ್ಕದ ಮರದಿಂದ ಕೊಂಬೆ ಕಡಿದು ಅದೇ ಜಾಗಕ್ಕೆ ಊರುತ್ತಾರೆ. ನೆರೆಯ ನಾಯಕರ ಕೋಟೆಗಳ ಕಲ್ಲು ಎಂದೋ ದನದ ಕೊಟ್ಟಿಗೆಗಳ ಪಾಲಾಯಿತು. ಮುಂಗಾರಿಗೆ ಮೊದಲು ಇಲ್ಲಿಗೆ ಬಂದವರಿಗೆ ಸಾಲಿನ ನಡುವೆ ಅಲ್ಲಲ್ಲಿ ಬೋಳು ಕೊಂಬೆಗಳು ನಿಂತಿರುವುದು ಕಾಣುತ್ತದೆ. ಇದೇನೆಂದು ಕೇಳಿದರೆ, ಕೋಟೆ ರಿಪೇರಿ ನಡೆದಿದೆ ಎನ್ನುತ್ತಾರೆ.